ಕೇಪಿನ ಕೋವಿಗೆ ಯಾವ ಮದ್ದು?

ಮದ್ದು ಎಂಬ ಮಾತಿಗೆ ನಮ್ಮ ಮಲೆನಾಡಿನಲ್ಲಿ ಮೂರು ಅರ್ಥ. ಕಾಯಿಲೆಗೆ ಕುಡಿಯುವುದು ಒಂದು, ಅಡಿಕೆ ಕೊನೆಗೆ ಹೊಡೆಯುವುದು ಇನ್ನೊಂದು, ಕೋವಿಗೆ ತುಂಬುವುದು ಮೂರನೆಯದು. ಮೊದಲ ಎರಡರ ವಿಷಯದಲ್ಲಿ ನಮ್ಮ ಸದಸ್ಯರಿಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಕೊಳೆ ಮದ್ದು ಮಾಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ತೂಗಿ ಹಾಕುತ್ತೇವೆ. ಅಷ್ಟಕ್ಕೂ ಸಮಾಧಾನವಾಗದೆ ದ್ರಾವಣದಲ್ಲಿ ಕತ್ತಿಯ ಮೊನೆ ಅದ್ದಿ, ತಾಮ್ರದ ಬಣ್ಣ ಹತ್ತಿತೇ ಎಂದು ನೋಡಿ, ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸುತ್ತೇವೆ. ಇಂಥ ಜಾಗರೂಕ ಜನ ಮೂರನೆಯ ಮದ್ದನ್ನು ಮಾತ್ರ ಅಂಗೈಗೆ ಸುರಿದುಕೊಂಡು, "ಇಷ್ಟು ಸಾಕು" ಎಂದು ನಳಿಗೆಗೆ ಹೊಯ್ದುಬಿಡುತ್ತೇವೆ. ಈ ವಿಷಯವನ್ನು ಸಂಘದ ಪತ್ರಿಕೆಯಲ್ಲಿ ಬರೆಯುವುದು ಸರಿಯೇ ಎಂದು ಒಬ್ಬಿಬ್ಬರು ನಿರ್ದೇಶಕರು ಅನುಮಾನ ವ್ಯಕ್ತಪಡಿಸಿದರು. ಗೊಬ್ಬರ, ಸುಣ್ಣ, ದೋಟಿಯ ವಿಷಯ ಬರೆಯಬಹುದಾದರೆ ಕೋವಿಯದನ್ನೂ ಬರೆಯಬಹುದೆಂದು ನನ್ನ ಅಭಿಪ್ರಾಯ. ಅದೂ ತೋಟದ ಸಲಕರಣೆಯೇ.

ಬರೆಯಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಸದಸ್ಯರೊಬ್ಬರ ಬಾಳೆಗೆ ಹಂದಿ ನುಗ್ಗತೊಡಗಿತು. ಮನೆಯಲ್ಲಿ ಅಜ್ಜನ ಕಾಲದ ಒಂಟಿ ನಳಿಗೆ ಕೇಪಿನ ಕೋವಿ ಇತ್ತು, ಲೈಸೆನ್ಸೂ ಚಾಲ್ತಿಯಲ್ಲಿತ್ತು, ಆದರೆ ಮದ್ದು ಮುಗಿದಿತ್ತು. ರಜೆಗೆ ಬಂದಿದ್ದ ನೆಂಟರ ಹುಡುಗ ಬುದ್ಧಿ ಓಡಿಸಿ, ಮೂರು ತೋಟಾ ಒಡೆದು ಅದರೊಳಗಿನ ಮದ್ದನ್ನು ತೆಗೆದುಕೊಟ್ಟ. ಇವರು ಯಾವಾಗಲೂ ಕರಿಮದ್ದು ಅಳೆಯುವ ಅದೇ ಬಿದಿರಿನ ಅಂಡೆಯಲ್ಲಿ ಅಳೆದು ತುಂಬಿದರು. ಕುದುರೆ ಬಿದ್ದ ಕ್ಷಣ ನಳಿಗೆಯ ಬುಡ ಬಾಳೆಯ ಮೋತೆಯಂತೆ ಬಿಚ್ಚಿಕೊಂಡಿತು. ಎಡಗೈಯ ಎರಡು ಬೆರಳು ಹೋದವು. ರಾತ್ರಿ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದವನು ನಾನು. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ ಮಾತು: "ಅಳತೆ ಸರಿಯಾಗೇ ಇತ್ತಲ್ಲ ಮಾರಾಯ್ರೇ?"

ಅಳತೆ ಸರಿಯಾಗಿಯೇ ಇತ್ತು. ಮದ್ದು ಬೇರೆಯದಾಗಿತ್ತು. ಈ ವ್ಯತ್ಯಾಸವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಕೇಪಿನ ಕೋವಿ ಹುಟ್ಟಿದ್ದು ಕರಿಮದ್ದಿಗಾಗಿ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಈ ಮದ್ದು ಉರಿದಾಗ ಬಿಳಿ ಹೊಗೆ ಏಳುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ನಳಿಗೆಯೊಳಗೆ ಮಸಿ ಉಳಿಯುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಎಂಬ ರಸಾಯನ ವಿಜ್ಞಾನಿ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ. ಇಂದಿನ ತೋಟಾಗಳಲ್ಲಿ ಇರುವುದು ಆ ಜಾತಿಯದು. ಇದು ನೈಟ್ರೋಸೆಲ್ಯುಲೋಸ್‌ನಿಂದ ಆದದ್ದು. ಒತ್ತಡ ಹೆಚ್ಚಿದಷ್ಟೂ ಇದು ಉರಿಯುವ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಷ್ಟೂ ಒತ್ತಡ ಹೆಚ್ಚುತ್ತದೆ. ಹಳೆಯ ಮೆದು ಕಬ್ಬಿಣದ ನಳಿಗೆ ಇದನ್ನು ತಡೆಯಲಾರದು. ಹನ್ನೆರಡು ಬೋರಿನ ಕೋವಿಗೆ ಕರಿಮದ್ದಿನ ಹಳೆಯ ಲೆಕ್ಕ ಮೂರು ಡ್ರಾಮ್, ಅಂದರೆ 5.3 ಗ್ರಾಂ. ಅಷ್ಟೇ ಕೆಲಸವನ್ನು ಹೊಗೆಯಿಲ್ಲದ ಮದ್ದು ಒಂದೂವರೆ ಗ್ರಾಮಿನ ಆಸುಪಾಸಿನಲ್ಲಿ ಮಾಡಿಬಿಡುತ್ತದೆ. ತೋಟಾದ ಡಬ್ಬಿಗಳ ಮೇಲೆ "ಮೂರು ಡ್ರಾಮಿಗೆ ಸಮ" ಎಂದು ಅಚ್ಚಾಗಿರುವುದನ್ನು ಕೆಲವರು ನೋಡಿರಬಹುದು. ಅದು ಒಳಗಿರುವ ಮದ್ದಿನ ತೂಕವಲ್ಲ. ಅಷ್ಟು ಕರಿಮದ್ದಿನ ಬಲಕ್ಕೆ ಸಮ ಎಂದು ಅರ್ಥ. ಹಾಗೆಂದು ಒಂದೂವರೆ ಗ್ರಾಂ ತೂಗಿ ಹಾಕಿದರೆ ಆದೀತೇ ಎಂದು ಯಾರೂ ಕೇಳಬಾರದು. ಆಗದು. ಕೇಪಿನ ಕೋವಿಗೆ ಆ ಮದ್ದು ಒಂದು ಚಿಟಿಕೆಯೂ ಕೂಡದು.

ಪಟಾಕಿ ಬಿಚ್ಚಿ ತೆಗೆದ ಮದ್ದು ಇದಕ್ಕಿಂತಲೂ ಕೆಟ್ಟದ್ದು. ಅದರಲ್ಲಿ ಅಲ್ಯೂಮಿನಿಯಂ ಪುಡಿ ಮುಂತಾದವು ಇರುತ್ತವೆ. ಅದು ಗುಂಡನ್ನು ತಳ್ಳುವುದಿಲ್ಲ, ನಳಿಗೆಯನ್ನೇ ಒಡೆಯುತ್ತದೆ. ಮನೆಯಲ್ಲಿ ಅರೆದು ಮಾಡಿದ್ದಂತೂ ಕಾನೂನಿಗೂ ವಿರುದ್ಧ, ಒಂದು ಸಲ ಮಾಡಿದಂತೆ ಇನ್ನೊಂದು ಸಲ ಇರುವುದೂ ಇಲ್ಲ. ಬಣ್ಣ ನೋಡಿ, ಬೆರಳಲ್ಲಿ ಉಜ್ಜಿ ಮದ್ದಿನ ಜಾತಿ ಹೇಳುತ್ತೇನೆ ಎನ್ನುವವರ ಮಾತನ್ನು ದಯವಿಟ್ಟು ನಂಬಬೇಡಿ. ಲೈಸೆನ್ಸ್ ಇರುವ ಅಂಗಡಿಯಿಂದ, ಲೈಸೆನ್ಸಿನಲ್ಲಿ ನಮೂದಾದ ಪ್ರಮಾಣದಷ್ಟು, ಮುಚ್ಚಿದ ಡಬ್ಬಿಯಲ್ಲಿ ಬಂದ ಕರಿಮದ್ದು ಮಾತ್ರ ಮದ್ದು. ಹೆಸರಿಲ್ಲದ ಸೀಸೆಯಲ್ಲಿ ಅಜ್ಜ ಇಟ್ಟುಹೋದದ್ದಿದ್ದರೆ ಅದನ್ನೂ ಬಳಸಬಾರದು; ಅದನ್ನು ಏನು ಮಾಡಬೇಕೆಂದು ಅದೇ ಅಂಗಡಿಯವರನ್ನೋ ಪೋಲೀಸ್ ಠಾಣೆಯನ್ನೋ ಕೇಳುವುದು ಕ್ಷೇಮ. ಒಲೆಗೆ ಹಾಕಿ ಪರೀಕ್ಷೆ ಮಾಡುವುದು ಬೇಡ.

ಕರಿಮದ್ದಿನಲ್ಲೂ ಕಾಳಿನ ಗಾತ್ರದ ಮೇಲೆ ದರ್ಜೆಗಳಿವೆ. ವಿದೇಶದ ಡಬ್ಬಿಗಳ ಮೇಲೆ ಎಫ್ ಅಕ್ಷರ ಹೆಚ್ಚಿದಷ್ಟೂ ಕಾಳು ಸಣ್ಣದು, ಉರಿಯುವುದೂ ಬೇಗ. ದೊಡ್ಡ ಬಾಯಿಯ ಕೋವಿಗೆ ಎರಡು ಎಫ್‌ನ ಕಾಳು, ಸಣ್ಣ ಬಾಯಿಯದಕ್ಕೆ ಮೂರು ಎಫ್‌ನದು ಎಂಬುದು ವಾಡಿಕೆ. ನಮ್ಮಲ್ಲಿ ಸಿಗುವುದರಲ್ಲಿ ಆಯ್ಕೆಯಿದ್ದರೆ ದಪ್ಪ ಕಾಳನ್ನೇ ಆರಿಸಿಕೊಳ್ಳಿ. ಹುಡಿಯಾದದ್ದನ್ನು ಬಳಸಬೇಡಿ.

ಹೋದ ವರ್ಷದ ಮಹಾಸಭೆಯಲ್ಲಿ ಯುವ ಸದಸ್ಯರೊಬ್ಬರು ಎದ್ದು, ಅಮೆರಿಕದಲ್ಲಿ ಇಂದಿಗೂ ಮುಂದಿನಿಂದ ತುಂಬುವ ಕೋವಿಗಳನ್ನು ಹೊಸದಾಗಿ ತಯಾರಿಸುತ್ತಾರಂತೆ, ಅವಕ್ಕೆ ಕೇಪಿನ ಬದಲು ತೋಟಾದ ಪ್ರೈಮರನ್ನೇ ಹಾಕುತ್ತಾರಂತೆ, ನಮ್ಮ ಕೋವಿಗಳನ್ನೂ ಹಾಗೆ ಮಾಡಿಸಬಹುದಲ್ಲ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಊಟದ ಹೊತ್ತಾದ್ದರಿಂದ ಅಂದು ಉತ್ತರ ಅರ್ಧಕ್ಕೇ ನಿಂತಿತು. ಅವರು ಹೇಳಿದ್ದು ಇನ್‌ಲೈನ್ ಎಂಬ ರೈಫಲನ್ನು. ನಮ್ಮ ಕೋವಿಯಲ್ಲಿ ಕುದುರೆ ಪಕ್ಕದಲ್ಲಿದ್ದು, ಕೇಪಿನ ಕಿಡಿ ಸೊಟ್ಟ ದಾರಿಯಲ್ಲಿ ತಿರುಗಿ ಮದ್ದಿಗೆ ತಲುಪಬೇಕು. ಇನ್‌ಲೈನ್‌ನಲ್ಲಿ ಕೇಪು ನಳಿಗೆಯ ನೇರ ಹಿಂದೆ ಕೂರುತ್ತದೆ. ಮಿಸೌರಿಯ ಟೋನಿ ನೈಟ್ 1985ರಲ್ಲಿ ತಂದ ಎಂ.ಕೆ. 85ರಿಂದ ಈ ಮಾದರಿ ಜನಪ್ರಿಯವಾಯಿತು. ಆರಂಭದವು 11ನೇ ನಂಬರಿನ ಕೇಪಿನವು. 209 ಎಂಬ ದೊಡ್ಡ ಪ್ರೈಮರ್ ಬಂದದ್ದು ಆಮೇಲೆ. ಕರಿಮದ್ದಿಗೆ ಬದಲಿಯಾಗಿ ಬಂದ ಪೈರೋಡೆಕ್ಸ್ ಮುಂತಾದ ಮದ್ದುಗಳು ಕರಿಮದ್ದಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಬ್ಲ್ಯಾಕ್‌ಹಾರ್ನ್ 209 ಎಂಬುದಕ್ಕಂತೂ ಆ ದೊಡ್ಡ ಪ್ರೈಮರೇ ಬೇಕು. ಅಸಲಿ ಕರಿಮದ್ದು ಹಾಕುವವನಿಗೆ ಹಳೆಯ ಸಣ್ಣ ಕೇಪೇ ಸಾಕು. ಇನ್ನು ಆ ರೈಫಲುಗಳ ಒಳಗಿನ ಸುರುಳಿ ಗೀರು ಸುಮಾರು 28 ಅಂಗುಲಕ್ಕೆ ಒಂದು ಸುತ್ತು ಬರುವಂಥದು, ಪ್ಲಾಸ್ಟಿಕ್ ಕವಚದ ಉದ್ದ ಗುಂಡಿಗಾಗಿ ಮಾಡಿದ್ದು. ನಮ್ಮ ನಳಿಗೆ ಒಳಗೆ ನುಣುಪು. ಆ ಗುಂಡು ನಮ್ಮ ಕೋವಿಯಿಂದ ಹೊರಟರೆ ಗಾಳಿಯಲ್ಲಿ ಮಗುಚಿಕೊಳ್ಳುತ್ತ ಹೋದೀತು. ಅಮೆರಿಕದಲ್ಲೂ, ಅದಕ್ಕೆಂದೇ ವಿಶೇಷವಾಗಿ ತಯಾರಾದ ಕೆಲವು ಮಾದರಿ ಬಿಟ್ಟರೆ, ಹೊಗೆಯಿಲ್ಲದ ಮದ್ದು ಕೂಡದೆಂದು ತಯಾರಕರೇ ಎಚ್ಚರಿಸುತ್ತಾರೆ. ಉಕ್ಕಿನ ಹೊಸ ನಳಿಗೆಗೇ ಆ ಎಚ್ಚರಿಕೆ ಬೇಕಾದರೆ ನಮ್ಮ ಅಜ್ಜಂದಿರ ನಳಿಗೆಯ ಗತಿ ಏನು? ಕುಲುಮೆಯಲ್ಲಿ ಕೋವಿಯ ರೂಪ ಬದಲಿಸುವುದು ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ರಿಪೇರಿಯನ್ನು ಸಹ ಲೈಸೆನ್ಸ್ ಇರುವ ಕೋವಿ ರಿಪೇರಿಯವರಲ್ಲೇ ಮಾಡಿಸಬೇಕು.

ಕೇಪಿನ ವಿಷಯ ಬಂದದ್ದರಿಂದ ಒಂದು ಮಾತು. 1807ರಲ್ಲಿ ಫಾರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಪೆಟ್ಟು ಬಿದ್ದರೆ ಕಿಡಿಯಾಗುವ ರಸಾಯನದಿಂದ ಕೋವಿ ಹಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ತಾಮ್ರದ ಪುಟ್ಟ ಟೋಪಿಯಂಥ ನಮ್ಮ ಕೇಪು ಅದರ ಮೊಮ್ಮಗು. ಕಲ್ಲಿನ ಕೋವಿಗಿಂತ ಇದು ಮಳೆಗೆ ವಾಸಿ ಎಂಬುದು ನಿಜ. ಆದರೆ ನಮ್ಮ ಆಷಾಢದ ಮಳೆ ಆ ಪಾದ್ರಿಗೆ ಗೊತ್ತಿರಲಿಲ್ಲ. ನಿಪ್ಪಲಿನ ಗಾತ್ರಕ್ಕೆ ಸರಿಯಾಗಿ ಕೂರುವ ಕೇಪನ್ನೇ ಕೊಳ್ಳಬೇಕು. ಸಡಿಲವಾದದ್ದನ್ನು ಹಲ್ಲಿನಿಂದ ಕಚ್ಚಿ ಕಿರಿದು ಮಾಡುವ ಹಿರಿಯರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಹಲ್ಲು ಉಳಿದದ್ದು ಅವರ ಪುಣ್ಯ. ನಿಪ್ಪಲಿನ ಬಾಯಿ ಜಜ್ಜಿಹೋಗಿದ್ದರೆ ಅಥವಾ ತೂತು ಅಗಲವಾಗಿದ್ದರೆ ಬೆಂಕಿ ಹಿಂದಕ್ಕೆ ಮುಖಕ್ಕೆ ಬರುತ್ತದೆ. ಅದನ್ನು ಬದಲಿಸಲು ಆಗುವ ಖರ್ಚು ದೊಡ್ಡದಲ್ಲ. ಕೇಪು ಸಿಡಿದು ಕೋವಿ ಹಾರದಿದ್ದರೆ ಒಡನೆ ಮೂತಿ ಇಣುಕಿ ನೋಡುವುದಾಗಲಿ, ಕೋವಿಯನ್ನು ತಿರುಗಿಸುವುದಾಗಲಿ ಕೂಡದು. ಒಂದೆರಡು ನಿಮಿಷ ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ನಿಲ್ಲಬೇಕು. ತೇವದ ಮದ್ದು ಒಳಗೇ ಹೊಗೆಯಾಡುತ್ತಿದ್ದು ತಡವಾಗಿ ಹಾರುವುದುಂಟು.

ಮದ್ದು ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಮನೆಗಳು ಇನ್ನೂ ಇವೆ. ಕಾಳುಮೆಣಸಿಗೆ ಆ ಅಟ್ಟ ಒಳ್ಳೆಯದು, ಮದ್ದಿಗಲ್ಲ. ಕೇಪು ಬೇರೆ ಕಡೆ, ಮದ್ದು ಬೇರೆ ಕಡೆ, ಎರಡೂ ಮಕ್ಕಳ ಕೈಗೆ ಸಿಗದಂತೆ ಬೀಗದೊಳಗೆ ಇರಬೇಕು.

ಇನ್ನು ಚರೆ ಮತ್ತು ಗುಂಡು. ಸೈಕಲ್ ಬಾಲು, ಮೊಳೆಯ ತುಂಡು, ಕಬ್ಬಿಣದ ಚೂರು ತುಂಬುವ ಪದ್ಧತಿ ನಿಲ್ಲಬೇಕು. ಸೀಸ ಮೆದು, ನಳಿಗೆಯೊಂದಿಗೆ ಹೊಂದಿಕೊಂಡು ಹೋಗುತ್ತದೆ. ಕಬ್ಬಿಣ ನಳಿಗೆಯನ್ನು ಗೀರುತ್ತದೆ, ಗೀರಿನಲ್ಲಿ ಮಸಿ ಕೂರುತ್ತದೆ, ಮಸಿ ತೇವ ಹೀರುತ್ತದೆ, ಮುಂದಿನ ವರ್ಷ ಅಲ್ಲಿ ತುಕ್ಕಿನ ಗುಳಿ. ನಳಿಗೆ ಒಡೆಯಲು ಇನ್ನೊಂದು ಮುಖ್ಯ ಕಾರಣ, ಗುಂಡು ಮದ್ದಿನ ಮೇಲೆ ಪೂರ್ತಿ ಕೂರದೆ ನಡುವೆ ಗಾಳಿ ಉಳಿಯುವುದು. ಇದಕ್ಕೆ ನನ್ನ ತಂದೆಯವರ ಉಪಾಯ ಸರಳ. ಮದ್ದು ಜಡಿಯುವ ಸಲಾಕೆಯ ಮೇಲೆ ಅವರು ಎರಡು ಗೆರೆ ಕೊರೆದಿದ್ದರು: ಖಾಲಿ ನಳಿಗೆಯಲ್ಲಿ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದಕ್ಕೆ ಒಂದು, ಸರಿಯಾಗಿ ತುಂಬಿದಾಗ ಎಲ್ಲಿಯವರೆಗೆ ಎಂಬುದಕ್ಕೆ ಇನ್ನೊಂದು. ಸಲಾಕೆ ಇಳಿಸಿ ನೋಡಿದರೆ ಕೋವಿ ಖಾಲಿಯೋ, ತುಂಬಿದೆಯೋ, ಮರೆತು ಎರಡು ಸಲ ತುಂಬಿದೆಯೋ ಕಣ್ಣಿಗೇ ಕಾಣುತ್ತದೆ. ಅಳತೆಯ ಅಂಡೆಯಿಂದಲೇ ಮದ್ದು ಹೊಯ್ಯಬೇಕು, ಡಬ್ಬಿಯಿಂದ ನೇರವಾಗಿ ಎಂದಿಗೂ ಅಲ್ಲ. ಹಿಂದಿನ ಈಡಿನ ಕೆಂಡ ಒಳಗಿದ್ದರೆ ಇಡೀ ಡಬ್ಬಿ ಕೈಯಲ್ಲೇ ಸಿಡಿಯುತ್ತದೆ. ಮೇಲೆ ಹೇಳಿದ ಮೂರು ಡ್ರಾಮಿನ ಲೆಕ್ಕ ಪರೀಕ್ಷೆಯಾದ ಗಟ್ಟಿ ನಳಿಗೆಯದು. ಯಾವ ಕುಲುಮೆಯಲ್ಲಿ ಹುಟ್ಟಿತೆಂದು ತಿಳಿಯದ ನಾಡಕೋವಿಗೆ ಅದನ್ನು ಅನ್ವಯಿಸಕೂಡದು.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಬಹುಮಂದಿಗೆ ಬೇಕಾದದ್ದು ಸದ್ದು. ಕೋವಿಯ ಲೈಸೆನ್ಸ್ ಎಂದರೆ ಪ್ರಾಣಿ ಹೊಡೆಯುವ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ಮಂಗನ ಹಿಂಡನ್ನು ಓಡಿಸಲು ಚರೆಯಿಲ್ಲದ ಅರ್ಧ ಅಳತೆಯ ಬರೀ ಈಡು ಧಾರಾಳವಾಯಿತು. ಬರೀ ಈಡೆಂದು ಮನುಷ್ಯರ ಕಡೆ ತಿರುಗಿಸಬಾರದು, ಹತ್ತಿರದಿಂದ ಬಿರಡೆಯೂ ಗಾಯ ಮಾಡುತ್ತದೆ. ತೆಂಗಿನ ಕತ್ತವನ್ನು ಬಿರಡೆಯಾಗಿ ತುರುಕುವವರು ಬೇಸಗೆಯಲ್ಲಿ ಅದು ಹೊಗೆಯಾಡುತ್ತಲೇ ತರಗೆಲೆಯ ಮೇಲೆ ಬೀಳುತ್ತದೆಂಬುದನ್ನು ನೆನಪಿಡಬೇಕು. ಸೊಪ್ಪಿನ ಬೆಟ್ಟಕ್ಕೆ ಬೆಂಕಿ ಬೀಳಲು ಅಷ್ಟು ಸಾಕು.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆಂದು ಮುಂದಿನಿಂದ ತುಂಬುವ ಕೋವಿಯನ್ನು ಹೆಸರಿಸಿಯೇ ಹೇಳಿದೆ. ಅಂದರೆ ಸರ್ಕಾರವೇ ರೈತನಿಗೆ ಸೂಚಿಸಿರುವ ಆಯುಧ ಇದು. ಆದರೆ ಅದರ ನಳಿಗೆ ಸುಸ್ಥಿತಿಯಲ್ಲಿದೆಯೇ ಎಂದು ನಮ್ಮ ಕಡೆ ಯಾರೂ ನೋಡಿದ್ದನ್ನು ನಾನು ಕಂಡಿಲ್ಲ. ನವೀಕರಣಕ್ಕೆ ಹೋದಾಗ ನಂಬರ್ ನೋಡುತ್ತಾರೆ, ಒಳಗಿನ ತುಕ್ಕನ್ನಲ್ಲ. ಚುನಾವಣೆ ಬಂದಾಗ ಕೋವಿಯನ್ನು ಒಪ್ಪಿಸಬೇಕಾಗುತ್ತದೆ. ಒಮ್ಮೆ ನನ್ನ ಕೋವಿ ಒಪ್ಪಿಸಿದ ಕಡೆ ಸೋರುವ ಮೂಲೆಯಲ್ಲಿ ಒರಗಿಕೊಂಡಿದ್ದು, ವಾಪಸು ಬಂದಾಗ ನಿಪ್ಪಲ್ ಅಲ್ಲಾಡದಷ್ಟು ತುಕ್ಕು ಹಿಡಿದಿತ್ತು. ಅಂದು ನನ್ನ ಪಕ್ಕದ ಕೋವಿಯನ್ನು ಒಬ್ಬರು ತುಂಬಿದ್ದ ಈಡಿನೊಂದಿಗೇ ಒಪ್ಪಿಸಿದ್ದರೆಂದು ಆಮೇಲೆ ತಿಳಿಯಿತು. ಯಾರನ್ನು ದೂರೋಣ?

ಕೊಡಗಿನವರು ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಒರೆಸಿ ಶುಚಿಮಾಡಿ, ತೋಕ್ ಪೂ ಎಂಬ ಹೂವಿಟ್ಟು ಪೂಜಿಸುತ್ತಾರೆ. ನಮ್ಮಲ್ಲಿ ಆಯುಧಪೂಜೆಯಂದು ತುಕ್ಕಿನ ಮೇಲೆಯೇ ಕುಂಕುಮ ಇಡುವವರಿದ್ದಾರೆ. ಕರಿಮದ್ದಿನ ಮಸಿಗೆ ಬಿಸಿನೀರೇ ಔಷಧಿ. ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆದು, ಬಟ್ಟೆ ಸುತ್ತಿದ ಸಲಾಕೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ ಕೋವಿಯ ಎಣ್ಣೆ ಹಚ್ಚಬೇಕು. ಕೊಬ್ಬರಿ ಎಣ್ಣೆ ಬೇಡ. ಧನುರ್ಮಾಸದ ಚಳಿಗೆ ಅದು ಗಟ್ಟಿಯಾಗಿ ಕುದುರೆ ಕಚ್ಚಿಕೊಳ್ಳುತ್ತದೆ.

ಲೈಸೆನ್ಸ್ ಇರುವ ಕೋವಿ ರಿಪೇರಿಯವರೊಬ್ಬರನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಪೋಲೀಸರ ಅನುಮತಿ ಪಡೆದು ಸಂಘದ ಅಂಗಳಕ್ಕೆ ಕರೆಸಿ ಸದಸ್ಯರ ಕೋವಿಗಳನ್ನು ಪರೀಕ್ಷಿಸಬೇಕೆಂಬುದು ನನ್ನ ಸೂಚನೆ. ಖರ್ಚನ್ನು ಕೋವಿಗೆ ಇಷ್ಟೆಂದು ಸದಸ್ಯರೇ ಹಂಚಿಕೊಳ್ಳಬಹುದು. ನಿರ್ದೇಶಕರಲ್ಲಿ ಕೆಲವರು ಇದು ಸಹಕಾರ ಸಂಘದ ಕೆಲಸವಲ್ಲವೆಂದೂ, ಪರೀಕ್ಷೆಯಾದ ಮೇಲೆ ಯಾರದಾದರೂ ಕೋವಿ ಒಡೆದರೆ ಹೊಣೆ ಸಂಘದ ತಲೆಗೆ ಬರುವುದೆಂದೂ ಹೇಳಿದ್ದಾರೆ. ಎರಡನೆಯ ಆಕ್ಷೇಪದಲ್ಲಿ ಹುರುಳಿದೆ. ವಕೀಲರ ಅಭಿಪ್ರಾಯ ಕೇಳಬೇಕು. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಸ್ಪ್ರೇ ಪಂಪಿನ ವಾಷರು ನೋಡಲು ಮೆಕ್ಯಾನಿಕ್ಕನ್ನು ಕರೆಸುವ ಸಂಘ ಇದನ್ನೂ ಮಾಡಬಹುದು.

ಒಪ್ಪಿಗೆಯಿರುವ ಸದಸ್ಯರು ಲೈಸೆನ್ಸಿನ ಪ್ರತಿಯೊಂದಿಗೆ ಸಂಘದ ಕಛೇರಿಯಲ್ಲಿ ಹೆಸರು ಕೊಟ್ಟರೆ, ಮುಂದಿನ ಸಭೆಯಲ್ಲಿ ಸಂಖ್ಯೆಯನ್ನು ಮುಂದಿಡಲು ನನಗೆ ಅನುಕೂಲ. ಈಗಲೇ ಯಾರೂ ಕೋವಿಯನ್ನು ಕಛೇರಿಗೆ ತರಬಾರದಾಗಿ ವಿನಂತಿ. ತರುವ ದಿನ ಬಂದಾಗ, ಹಿಂದಿನ ಸಂಜೆಯೇ ಸಲಾಕೆ ಇಳಿಸಿ ನೋಡಿ, ಖಾಲಿ ಮಾಡಿ ತನ್ನಿ.