ಬೆಳ್ಳಿಗೆ ಸುನ್ನತ್ತಿನ ಮುದ್ರೆಯೇಕೆ?

ಬೆಳ್ಳಿಯ ಲೋಟದಲ್ಲಿ ನೀರು ಕುಡಿದರೆ ಹೃದಯ ಬಲಗೊಳ್ಳುತ್ತದೆ, ಇದು ತಿಬ್ಬೆ ನಬವಿ ಎಂದು ಹೇಳಿ ಮಾರುವವರು ನಮ್ಮ ನಡುವೆ ಇದ್ದಾರೆ. ಬೆಳ್ಳಿಯ ಪಾತ್ರೆಯಲ್ಲಿ ಕುಡಿಯುವುದನ್ನು ಪ್ರವಾದಿ(ಸ)ರು ಕಟುವಾಗಿ ನಿಷೇಧಿಸಿದ ಹದೀಸ್ ಬುಖಾರಿಯಲ್ಲೂ ಮುಸ್ಲಿಮ್‌ನಲ್ಲೂ ಇದೆ. ನಿಷಿದ್ಧವನ್ನೇ ಸುನ್ನತ್ ಎಂದು ಮಾರುವ ಈ ಧೈರ್ಯವನ್ನು ಏನೆನ್ನೋಣ?

ಯುನಾನಿಯಲ್ಲಿ ಬೆಳ್ಳಿಗೆ ಸ್ಥಾನವಿಲ್ಲವೆಂದು ನಾವು ಹೇಳುತ್ತಿಲ್ಲ. ಹಕೀಮರು ಅದನ್ನು ‘ನುಖ್ರಾ’ ಎಂದು ಕರೆದು, ಹೃದಯಕ್ಕೆ ಬಲವನ್ನೂ ಮನಸ್ಸಿಗೆ ಉಲ್ಲಾಸವನ್ನೂ ಕೊಡುವ ದ್ರವ್ಯಗಳ ಸಾಲಿಗೆ ಸೇರಿಸಿದ್ದಾರೆ. ಕೆಲವು ಖಮೀರಾಗಳಲ್ಲಿ ಬೆಳ್ಳಿಯ ವರಖ್ ಬೆರೆಯುತ್ತದೆ. ಶುದ್ಧಿಗೊಳಿಸಿ ಪುಟವಿಟ್ಟ ಭಸ್ಮವೇ ಕುಷ್ತಾ-ಎ-ನುಖ್ರಾ. ಆದರೆ ಇದು ಗ್ರೀಕರಿಂದ ಇಬ್ನ್ ಸೀನಾರಿಗೆ, ಅಲ್ಲಿಂದ ದೆಹಲಿಯ ಹಕೀಮರಿಗೆ ಹರಿದುಬಂದ ಮಾನವ ವಿದ್ಯೆ, ವಹೀ ಅಲ್ಲ. ವಿದ್ಯೆಯಾದುದರಿಂದಲೇ ಅದನ್ನು ಪರೀಕ್ಷಿಸಬಹುದು, ಪ್ರಶ್ನಿಸಬಹುದು. ಸುನ್ನತ್ತಿನ ಮುದ್ರೆ ಬಿದ್ದೊಡನೆ ಪ್ರಶ್ನಿಸುವ ಬಾಯಿಗಳೇ ಮುಚ್ಚಿಹೋಗುತ್ತವೆ. ವ್ಯಾಪಾರಿಗೆ ಬೇಕಾದುದೂ ಅದೇ.

ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ(ರ) ಬೆಳ್ಳಿಯ ಮೂಗನ್ನು ಹಾಕಿಸಿಕೊಂಡರು. ಅದು ದುರ್ವಾಸನೆ ಬೀರಿದಾಗ ಚಿನ್ನದ ಮೂಗನ್ನು ಧರಿಸುವಂತೆ ಪ್ರವಾದಿ(ಸ)ರು ಆದೇಶಿಸಿದರು. ಬೆಳ್ಳಿ ಸರ್ವರೋಗಹರವೆನ್ನುವವರು ಈ ಹದೀಸನ್ನೇಕೆ ಹೇಳುವುದಿಲ್ಲ?

ಬೆಳ್ಳಿ ಬಹುಕಾಲ ದೇಹ ಸೇರಿದರೆ ಚರ್ಮ ನೀಲಿಬೂದಿ ಬಣ್ಣಕ್ಕೆ ತಿರುಗಬಹುದು. ವೈದ್ಯರು ಆರ್ಜಿರಿಯಾ ಎನ್ನುವ ಆ ಬಣ್ಣ ಸಾಮಾನ್ಯವಾಗಿ ಮಾಸುವುದಿಲ್ಲ. ಹೀಗಿರುವಾಗ ಹೆಸರಿಲ್ಲದ ಪೊಟ್ಟಣದ ಕುಷ್ತಾವನ್ನು ಗರ್ಭಿಣಿಯರಿಗೂ ಮಕ್ಕಳಿಗೂ ಕೊಡುವುದೆಂದರೇನು? ವೈದ್ಯವಿದ್ಯೆಯನ್ನರಿಯದೆ ಚಿಕಿತ್ಸೆ ಮಾಡಿದವನೇ ಹಾನಿಗೆ ಹೊಣೆಯೆಂಬ ಹದೀಸ್ ಅಬೂದಾವೂದ್‌ನಲ್ಲಿದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯೇ ಇದೆ. ಪೊಟ್ಟಣ ಕೊಟ್ಟವನು ಯುನಾನಿಯನ್ನು ಎಲ್ಲಿ ಕಲಿತನೆಂದು ಕೊಳ್ಳುವ ಮೊದಲೇ ಕೇಳಿರಿ.