48 ಗಂಟೆಯ ಲೆಕ್ಕ

ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಕೇಳಿ ನೋಡಿ. ಎಂಟನೆಯ ತರಗತಿಯ ಯಾವ ಹುಡುಗನಾದರೂ ತಡವರಿಸದೆ ‘100’ ಎನ್ನುತ್ತಾನೆ. ಆದರೆ ಬೆಂಗಳೂರಿನ ಅಡುಗೆಮನೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಪುಸ್ತಕ ಸುಳ್ಳು ಹೇಳಿಲ್ಲ. ‘ಸಮುದ್ರ ಮಟ್ಟದ ವಾಯುಭಾರದಲ್ಲಿ’ ಎಂದು ಅಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಹುಡುಗರು ಸಂಖ್ಯೆಯನ್ನು ಉರು ಹೊಡೆದು ಷರತ್ತನ್ನು ಬಿಟ್ಟುಬಿಡುತ್ತಾರೆ, ಅಷ್ಟೆ. ಪರೀಕ್ಷೆಯಲ್ಲಿ ಅದಕ್ಕೆ ಅರ್ಧ ಅಂಕ ಹೋದರೆ ಹೆಚ್ಚು.

ವಿದೇಶಕ್ಕೆ ಓದಲು ಹೋಗುವವರ ಮನೆಯಲ್ಲಿಯೂ ಇದೇ ನಡೆಯುತ್ತದೆ. ‘ವೀಸಾ ಆಯ್ತಂತೆ, ಎಷ್ಟು ವರ್ಷಕ್ಕೆ?’ ಎಂದು ನೆಂಟರೆಲ್ಲ ಕೇಳುತ್ತಾರೆ. ಯಾವ ಷರತ್ತುಗಳ ಮೇಲೆ ಎಂದು ಕೇಳುವವರನ್ನು ನಾನು ಕಂಡಿಲ್ಲ. ವೀಸಾ ಎಂದರೆ ಸಿನಿಮಾ ಟಿಕೆಟ್ಟಿನಂತೆ ಬಾಗಿಲಲ್ಲಿ ತೋರಿಸಿ ಒಳಗೆ ಹೋದರೆ ಮುಗಿಯಿತು ಎಂಬ ಭಾವನೆ ನಮ್ಮಲ್ಲಿದೆ. ಒಳಗೆ ಹೋದ ಮೇಲೆಯೇ ಅದರ ಕೆಲಸ ಶುರುವಾಗುವುದು.

ಒಂದೊಂದು ದೇಶದ ನಿಯಮ ಒಂದೊಂದು ಬಗೆ. ಎಲ್ಲವನ್ನೂ ಹೇಳಹೊರಟರೆ ಈ ಪುಟ ಸಾಲದು. ಭಾರತದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿರುವ ಆಸ್ಟ್ರೇಲಿಯವನ್ನೇ ಈ ವಾರ ತೆಗೆದುಕೊಳ್ಳೋಣ.

ಪಾಸ್‌ಪೋರ್ಟಿನ ಪುಟಕ್ಕೆ ವೀಸಾ ಚೀಟಿ ಅಂಟಿಸುವ ಪದ್ಧತಿಯನ್ನು ಆಸ್ಟ್ರೇಲಿಯ 2015ರಲ್ಲಿಯೇ ನಿಲ್ಲಿಸಿತು. ಈಗ ಬರುವುದು ಇ-ಮೇಲ್‌ನಲ್ಲಿ ಒಂದು ಪತ್ರ. ವಿದ್ಯಾರ್ಥಿ ವೀಸಾಕ್ಕೆ ಅಲ್ಲಿ ‘ಸಬ್‌ಕ್ಲಾಸ್ 500’ ಎಂದು ಹೆಸರು. ಪತ್ರದಲ್ಲಿ 8105, 8202, 8501, 8533 ಎಂಬಂಥ ಅಂಕಿಗಳಿರುತ್ತವೆ. ಒಂದೊಂದು ಅಂಕಿಯೂ ಒಂದೊಂದು ಷರತ್ತು. ಅರ್ಜಿಯನ್ನು ಏಜೆಂಟರು ತುಂಬಿದ್ದರೆ ಎಷ್ಟೋ ಸಲ ಈ ಪತ್ರ ಅವರ ಇ-ಮೇಲಿಗೆ ಹೋಗಿ ಅಲ್ಲಿಯೇ ಉಳಿಯುತ್ತದೆ. ಅದನ್ನು ಕೇಳಿ ಪಡೆದುಕೊಳ್ಳುವುದು ಮೊದಲ ಕೆಲಸ. ಪತ್ರ ಸಿಗದಿದ್ದರೂ ಆ ದೇಶದ ಗೃಹ ವ್ಯವಹಾರ ಇಲಾಖೆಯ ‘ವೆವೊ’ ಎಂಬ ಉಚಿತ ಅಂತರ್ಜಾಲ ಸೇವೆಯಲ್ಲಿ ನಿಮ್ಮ ವೀಸಾದ ಷರತ್ತುಗಳನ್ನು ನೀವೇ ನೋಡಬಹುದು.

8501 ಎಂದರೆ ಅಲ್ಲಿರುವಷ್ಟು ದಿನವೂ ಆರೋಗ್ಯ ವಿಮೆ ಇರಬೇಕು. 8533ರ ಪ್ರಕಾರ, ತಲುಪಿದ 7 ದಿನಗಳೊಳಗೆ ವಾಸದ ವಿಳಾಸವನ್ನು ಕಾಲೇಜಿಗೆ ತಿಳಿಸಬೇಕು, ಮನೆ ಬದಲಿಸಿದಾಗಲೂ ಹಾಗೆಯೇ. ಇವೆರಡೂ ಕಷ್ಟದವಲ್ಲ. ಮರೆಯದಿದ್ದರೆ ಸಾಕು.

ನಮ್ಮ ಮಕ್ಕಳು ಎಡವುವುದು 8105ರಲ್ಲಿ. ತರಗತಿಗಳು ನಡೆಯುತ್ತಿರುವಾಗ ಹದಿನೈದು ದಿನಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಎನ್ನುತ್ತದೆ ಅದು. 2023ರ ಜುಲೈ 1ರಿಂದ ಈ ಮಿತಿ ಇದೆ. ಹಿಂದೆ 40 ಗಂಟೆಯಿತ್ತು. ಕೊರೋನಾ ಕಾಲದಲ್ಲಿ ಕೆಲಸಗಾರರಿಲ್ಲದೆ 2022ರ ಜನವರಿಯಿಂದ ಮಿತಿಯನ್ನೇ ಸಡಿಲಿಸಿದ್ದರು. ‘ನಮ್ಮಣ್ಣ ಎಷ್ಟು ಬೇಕಾದರೂ ದುಡಿಯುತ್ತಿದ್ದ’ ಎಂದು ಆಗ ಹೋದವರ ಮಾತು ಕೇಳಿ ಈಗ ಹೊರಡುವವರು ಇದನ್ನು ಗಮನಿಸಬೇಕು.

‘ಹದಿನೈದು ದಿನ’ ಎಂದು ನಾವು ರೂಢಿಯಲ್ಲಿ ಹೇಳುತ್ತೇವೆ. ಅಲ್ಲಿಯ ಕಾನೂನಿನಲ್ಲಿ ಅದು ಸೋಮವಾರ ಶುರುವಾಗುವ 14 ದಿನ, ಅದೂ ಯಾವ ಸೋಮವಾರವಾದರೂ ಆಗಬಹುದು. ಸೂಕ್ಷ್ಮವಿರುವುದು ಇಲ್ಲಿ. ಒಬ್ಬ ಹುಡುಗ ಮೊದಲ ವಾರ 18 ಗಂಟೆ, ಎರಡನೆಯ ವಾರ 28, ಮೂರನೆಯ ವಾರ 26, ನಾಲ್ಕನೆಯ ವಾರ 14 ಗಂಟೆ ದುಡಿದ ಎಂದುಕೊಳ್ಳಿ. ಮೊದಲೆರಡು ವಾರ ಕೂಡಿದರೆ 46. ಕೊನೆಯ ಎರಡು ಕೂಡಿದರೆ 40. ಎರಡೂ ಮಿತಿಯೊಳಗಿವೆ ಎಂದು ಅವನು ನೆಮ್ಮದಿಯಿಂದ ಇರುತ್ತಾನೆ. ಆದರೆ ಎರಡನೆಯ ಮತ್ತು ಮೂರನೆಯ ವಾರ ಸೇರಿದರೆ? 54. ಷರತ್ತು ಮುರಿಯಿತು. ಪ್ರತಿ ವಾರವನ್ನೂ ಹಿಂದಿನ ವಾರದ ಜೊತೆಗೂ ಕೂಡಬೇಕು, ಮುಂದಿನ ವಾರದ ಜೊತೆಗೂ ಕೂಡಬೇಕು. ಒಂದು ಪಾಕೆಟ್ ಡೈರಿಯಲ್ಲಿ ಪ್ರತಿ ರಾತ್ರಿ ಗಂಟೆ ಬರೆದಿಡುವ ಹುಡುಗ ಈ ಬಲೆಗೆ ಬೀಳುವುದಿಲ್ಲ. ಪ್ರಯೋಗಾಲಯದ ರೆಕಾರ್ಡ್ ಪುಸ್ತಕವನ್ನು ಕೊನೆಯ ದಿನ ಕುಳಿತು ಒಟ್ಟಿಗೆ ತುಂಬುವ ಅಭ್ಯಾಸವಿದ್ದವರ ವಿಷಯ ಬೇರೆ.

ಇನ್ನೂ ಎರಡು ಮಾತು. ಎರಡು ಕಡೆ ಕೆಲಸ ಮಾಡಿದರೆ ಎರಡೂ ಕಡೆಯ ಗಂಟೆಗಳು ಕೂಡುತ್ತವೆ. ಸೈಕಲ್ ಮೇಲೆ ಊಟದ ಪೊಟ್ಟಣ ಮನೆಮನೆಗೆ ಮುಟ್ಟಿಸುವುದೂ ಕೆಲಸವೇ. ‘ನಗದು ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ?’ ಎಂದು ಕೇಳುವವರುಂಟು. ಅಲ್ಲಿಯ ತೆರಿಗೆ ಇಲಾಖೆ ವೀಸಾದಾರರ ಮಾಹಿತಿಯನ್ನು ಗೃಹ ವ್ಯವಹಾರ ಇಲಾಖೆಯಿಂದ ಪಡೆದು ತಾಳೆ ನೋಡುತ್ತದೆ ಎಂಬುದನ್ನು ಅವರಿಗೆ ಹೇಳಬೇಕು.

ಆದರೆ ಸರ್ಕಾರಕ್ಕೆ ಗೊತ್ತಾಗುವುದಕ್ಕಿಂತ ಮೊದಲು ಗೊತ್ತಾಗುವುದು ಇನ್ನೊಬ್ಬನಿಗೆ, ಕೆಲಸ ಕೊಟ್ಟ ಅಂಗಡಿಯವನಿಗೆ. ನಾನು ಈ ವಾರ ಬರೆಯಲು ಕುಳಿತದ್ದೇ ಇದಕ್ಕಾಗಿ.

2015ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯದ ಪತ್ರಕರ್ತರು ‘ಸೆವೆನ್ ಇಲೆವೆನ್’ ಎಂಬ, ರಾತ್ರಿಯೂ ತೆರೆದಿರುವ ಅಂಗಡಿಗಳ ಸರಣಿಯ ಒಳಕತೆಯನ್ನು ಹೊರಗೆಳೆದರು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹಳಷ್ಟು ಜನ ವಿದ್ಯಾರ್ಥಿ ವೀಸಾದ ಮೇಲೆ ಹೋದವರು. ಆಗಿನ ಮಿತಿ ವಾರಕ್ಕೆ ಸರಾಸರಿ 20 ಗಂಟೆ. ಹುಡುಗ 40 ಗಂಟೆ ದುಡಿಯುತ್ತಿದ್ದ, ದಾಖಲೆಯಲ್ಲಿ 20 ಎಂದು ಬರೆದು ಅಷ್ಟಕ್ಕೇ ಸಂಬಳ ಕೊಡುತ್ತಿದ್ದರು. ಕಾಗದದ ಮೇಲೆ ಎಲ್ಲವೂ ಸರಿ, ಕೈಗೆ ಬಂದದ್ದು ಅರ್ಧ ಕೂಲಿ. ಹುಡುಗ ಬಾಯಿ ತೆರೆದರೆ ಮಾಲೀಕನ ಬಳಿ ಒಂದೇ ಉತ್ತರ: ನೀನು ಮಿತಿ ಮೀರಿ ದುಡಿದಿದ್ದೀಯ, ವೀಸಾದವರಿಗೆ ಹೇಳುತ್ತೇನೆ. ಮಿತಿ ಮೀರಿಸಿದವನೂ ಅವನೇ, ಹೆದರಿಸಿದವನೂ ಅವನೇ. ಸುದ್ದಿ ಹೊರಬಂದ ಮೇಲೆ ಕಂಪನಿ ಕೆಲಸಗಾರರಿಗೆ ಬಾಕಿಯೆಂದು 15 ಕೋಟಿ ಡಾಲರಿಗೂ ಹೆಚ್ಚು ಹಣ ಹಿಂದಿರುಗಿಸಬೇಕಾಯಿತು. ಹುಡುಗರ ಭಯದಿಂದ ಎಷ್ಟು ಉಳಿತಾಯವಾಗಿತ್ತು ಎಂಬುದಕ್ಕೆ ಅದೇ ಅಳತೆ.

ಆ ಹುಡುಗರು ದುರಾಸೆಯವರಾಗಿದ್ದರು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇದರ ಬೇರು ನಮ್ಮ ಮನೆಗಳಲ್ಲಿಯೂ ಇದೆ. ಪೋಷಕರು ಬೇಸರ ಮಾಡಿಕೊಳ್ಳಬಾರದು, ಆದರೂ ಹೇಳುತ್ತೇನೆ. 2024ರ ಮೇ 10ರಿಂದ ಒಬ್ಬ ವಿದ್ಯಾರ್ಥಿ ವರ್ಷದ ಜೀವನವೆಚ್ಚಕ್ಕೆ 29,710 ಆಸ್ಟ್ರೇಲಿಯನ್ ಡಾಲರ್ ಇದೆಯೆಂದು ತೋರಿಸಬೇಕೆಂದು ಗೊತ್ತುಮಾಡಿದರು. ಬೋಧನಾ ಶುಲ್ಕ, ವಿಮಾನದ ಖರ್ಚು ಬೇರೆ. ಈ ಹಣವನ್ನು ಕೆಲವರು ಬಡ್ಡಿಗೆ ತಂದು, ಖಾತೆಯಲ್ಲಿ ಕೆಲವು ದಿನ ಇಟ್ಟು, ವೀಸಾ ಬಂದ ಮರುದಿನ ಹಿಂದಿರುಗಿಸುತ್ತಾರೆ. ವೀಸಾ ಅಧಿಕಾರಿಯ ಕಣ್ಣಿಗೆ ಮಣ್ಣೆರಚಿದೆವು ಎಂಬ ಸಮಾಧಾನ. ಆದರೆ ಆ ಮೊತ್ತವನ್ನು ಕೇಳುವುದು ಸುಮ್ಮನೆ ಅಲ್ಲ, ಅಲ್ಲಿ ಒಂದು ವರ್ಷ ಉಣ್ಣಲು, ಬಾಡಿಗೆ ಕಟ್ಟಲು ಸುಮಾರಾಗಿ ಅಷ್ಟು ಬೇಕಾಗುತ್ತದೆ ಎಂದು. ಹಣ ಹಿಂದಿರುಗಿಸಿದ ದಿನವೇ ಮಗನ 49ನೆಯ ಗಂಟೆ ನಿಶ್ಚಯವಾಗಿಹೋಯಿತು.

ಕೆಲಸ ಸಿಕ್ಕಿದರೆ ಸಾಲದೇ ಎನ್ನುವಿರಿ. 2025ರ ಜುಲೈ 1ರಂದು ಗೊತ್ತಾದ ಅಲ್ಲಿಯ ಕನಿಷ್ಠ ವೇತನ ಗಂಟೆಗೆ 24 ಡಾಲರ್ 95 ಸೆಂಟ್. 48 ಗಂಟೆಗೆ 1,197 ಡಾಲರ್ ಚಿಲ್ಲರೆ, ಅದೂ ತೆರಿಗೆಗೆ ಮೊದಲು. ಹೋದ ದಿನವೇ ಕೆಲಸ ಸಿಕ್ಕಿ, ಒಂದು ವಾರವೂ ತಪ್ಪದೆ ದುಡಿದರೆ ಊಟ, ಬಾಡಿಗೆ ಹುಟ್ಟೀತು. ಶುಲ್ಕವೂ ಬ್ಯಾಂಕಿನ ಕಂತೂ ಅದರಲ್ಲಿ ಹುಟ್ಟುವುದಿಲ್ಲ. ಈ ಗುಣಾಕಾರವನ್ನು ಅರ್ಜಿ ಹಾಕುವ ಮೊದಲು ಅಪ್ಪ, ಅಮ್ಮ, ಮಗ ಮೂವರೂ ಕುಳಿತು ಮಾಡಲಿ.

ಶುಲ್ಕ ಭಾರವಾದಾಗ ಬರುವ ಇನ್ನೊಂದು ಆಮಿಷ ಕಾಲೇಜು ಬದಲಿಸುವುದು. ‘ಎಂ.ಎಸ್. ಬಿಟ್ಟು ಅಡುಗೆಯ ಡಿಪ್ಲೊಮಾಕ್ಕೆ ಸೇರು, ಶುಲ್ಕ ಕಡಿಮೆ, ತರಗತಿಯೂ ಕಡಿಮೆ’ ಎಂದು ಅಲ್ಲಿಯೇ ಕೆಲವು ಮಧ್ಯವರ್ತಿಗಳು ಗಾಳ ಹಾಕುತ್ತಾರೆ. 8202 ಇದಕ್ಕೆ ಅಡ್ಡ ನಿಲ್ಲುತ್ತದೆ. ವೀಸಾ ಯಾವ ಮಟ್ಟದ ಓದಿಗೆ ಸಿಕ್ಕಿತೋ ಅದಕ್ಕಿಂತ ಕೆಳಗಿನ ಮಟ್ಟಕ್ಕೆ ಇಳಿಯಬೇಕಾದರೆ ಹೊಸ ವೀಸಾವೇ ಬೇಕು. ಹಾಜರಿ ಮತ್ತು ಓದಿನ ಪ್ರಗತಿಯೂ ಇದೇ ಷರತ್ತಿನಲ್ಲಿ ಬರುತ್ತವೆ. ವೀಸಾ ರದ್ದಾದರೆ ಮತ್ತೆ ಅರ್ಜಿ ಹಾಕುವಾಗ 3 ವರ್ಷದ ತಡೆ ಎದುರಾಗುವ ಸಂಭವವುಂಟು.

ಈಗಾಗಲೇ ತಪ್ಪಿ ನಡೆದು ಮಾಲೀಕನ ಮುಷ್ಟಿಯಲ್ಲಿ ಸಿಕ್ಕಿರುವವರು ಏನು ಮಾಡಬೇಕು? ಮನೆಯವರಿಂದ ಮುಚ್ಚಿಡುವುದು ಮೊದಲು ಬಿಡಬೇಕು. ವೀಸಾ ಷರತ್ತು ಮುರಿದವನಿಗೂ ಪೂರ್ತಿ ಕೂಲಿಯ ಹಕ್ಕಿದೆ ಎಂದು ಆಸ್ಟ್ರೇಲಿಯದ ಕಾರ್ಮಿಕ ಕಾನೂನು 2023ರ ಜುಲೈ 1ರಿಂದ ಬಿಡಿಸಿ ಹೇಳುತ್ತದೆ. ವೀಸಾದ ಹೆಸರಿನಲ್ಲಿ ಹೆದರಿಸಿ ದುಡಿಸಿಕೊಳ್ಳುವುದು 2024ರ ಜುಲೈ 1ರಿಂದ ಮಾಲೀಕನ ಮೇಲೆ ಅಪರಾಧ. ‘ಫೇರ್ ವರ್ಕ್ ಒಂಬುಡ್ಸ್‌ಮನ್’ ಎಂಬ ಸರ್ಕಾರಿ ಕಚೇರಿ ಇಂಥ ದೂರುಗಳನ್ನು ಕೇಳುತ್ತದೆ, ಶುಲ್ಕವಿಲ್ಲ. ಅಲ್ಲಿಗೆ ಹೋಗುವಾಗ ಕೈಯಲ್ಲಿ ಆ ಪಾಕೆಟ್ ಡೈರಿಯಿದ್ದರೆ ಅರ್ಧ ಕೆಲಸ ಆದಂತೆ.

ಹೊರಡಲು ಸಿದ್ಧವಾಗಿರುವವರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ: ಕಾಲೇಜು ಶುರುವಾಗುವ ಒಂದು ತಿಂಗಳು ಮೊದಲೇ ಹೋಗಿ ನಾಲ್ಕು ಕಾಸು ಮಾಡಿಕೊಳ್ಳಬಹುದೇ? ಆಗದು. ಕೋರ್ಸು ಆರಂಭವಾಗುವವರೆಗೆ ಒಂದು ಗಂಟೆಯೂ ದುಡಿಯುವಂತಿಲ್ಲ. ಆಮೇಲೆ ಕಾಲೇಜಿನ ರಜೆಯ ದಿನಗಳಲ್ಲಿ ಗಂಟೆಗಳ ಮಿತಿಯಿಲ್ಲ. ರಜೆ ಯಾವಾಗ ಎಂಬುದನ್ನು ಗೆಳೆಯರಿಂದ ಕೇಳಿ ನಂಬದೆ ಕಾಲೇಜಿನ ಕ್ಯಾಲೆಂಡರನ್ನೇ ನೋಡಿಕೊಳ್ಳಿ.