ಕೋಣೆಗೆ ಶಾಖವೋ, ಪೆಟ್ಟಿಗೆಗೆ ಶಾಖವೋ?

ಚಳಿಯ ದೇಶಗಳಲ್ಲಿ ಮೋಟಾರು ನಿಲ್ಲಿಸುವ ಕೊಠಡಿಯೇ ಎಷ್ಟೋ ಮಂದಿಗೆ ಮನೆಯ ಕಾರ್ಯಾಗಾರವೂ ಆಗಿರುವುದುಂಟು. ಹಿಮ ಬೀಳುವ ತಿಂಗಳುಗಳಲ್ಲಿ ಬೆರಳು ಮರಗಟ್ಟದೆ ಕೆಲಸ ಸಾಗಬೇಕಾದರೆ ಅಲ್ಲಿ ಶಾಖ ಬೇಕೇ ಬೇಕು. ಅದನ್ನು ಸೌದೆಯಿಂದ ಪಡೆಯುವುದೋ, ಅನಿಲದಿಂದಲೋ, ವಿದ್ಯುತ್ತಿನಿಂದಲೋ ಎಂಬುದಷ್ಟೇ ಅವರ ಚರ್ಚೆ. ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಘಟ್ಟದ ಬುಡದ ಊರಿನಲ್ಲಿ ಇಂಥ ಚರ್ಚೆಗೆ ಎಡೆಯೆಲ್ಲಿ ಎಂದು ಓದುಗರು ನಗಬಹುದು. ಆದರೆ ಮಳೆಗಾಲದಲ್ಲಿ ಇಲ್ಲಿಯ ಕಾರ್ಯಾಗಾರಕ್ಕೂ ಶಾಖ ಬೇಕು. ಅದು ಬೇಕಾಗಿರುವುದು ಮನುಷ್ಯನ ಮೈಗಲ್ಲ; ಉಳಿಗೆ, ಗರಗಸಕ್ಕೆ, ಹಲಗೆಗೆ, ಮಸೂರಕ್ಕೆ.

ಉಡುಪಿ ಜಿಲ್ಲೆಯಲ್ಲಿ ವರ್ಷವೊಂದಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವುದು. ಅದರ ಬಹುಭಾಗ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳದೇ. ಆ ದಿನಗಳಲ್ಲಿ ಒರಸಿಟ್ಟ ಉಳಿಯ ಮೇಲೆ ಬೇಗನೆ ಕೆಂಪು ಕಾಣಿಸಿಕೊಳ್ಳುವುದು. ಬೇಸಿಗೆಯಲ್ಲಿ ಸಲೀಸಾಗಿ ಎಳೆದ ಮೇಜಿನ ಖಾನೆ ಉಬ್ಬಿ ಬಿಗಿಯುವುದು. ಸೂಕ್ಷ್ಮದರ್ಶಕದ ಮಸೂರದ ಮೇಲೆ ಬೂಷ್ಟು ಎಳೆ ಬಿಡುವುದು. ಬಡಗಿಗೆ ಇದು ಅನ್ನದ ನಷ್ಟ. ಕಾಸು ಕೂಡಿಸಿ ಉಪಕರಣ ಕೊಂಡ ವಿದ್ಯಾರ್ಥಿಗೆ ಉತ್ಸಾಹದ ನಷ್ಟ. ಹೀಗಿರಲು ಯಾವ ಬಗೆಯ ಶಾಖವನ್ನು ಆರಿಸಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆಯೇ ಸರಿ. ಶಾಖವನ್ನು ಕೋಣೆಗೆ ಕೊಡುವುದು ವ್ಯರ್ಥ, ವಸ್ತುವಿಗೆ ಕೊಡುವುದೇ ಯುಕ್ತ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಶಾಖವು ಮಾಡುವ ಕೆಲಸವೇನೆಂಬುದನ್ನು ನೋಡೋಣ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಎಡೆಯಲ್ಲಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿ ಇರಬಲ್ಲುದು. 33 ಡಿಗ್ರಿಯಲ್ಲಾದರೆ ಈ ಮಿತಿ ಸುಮಾರು 36 ಗ್ರಾಮಿಗೆ ಏರುವುದು. ಇರಬಹುದಾದ ಆವಿಯಲ್ಲಿ ನೂರಕ್ಕೆ ಎಷ್ಟು ಪಾಲು ಈಗ ಇದೆಯೋ ಅದೇ ಸಾಪೇಕ್ಷ ಆರ್ದ್ರತೆ. ಮಳೆಗಾಲದ ಗಾಳಿಯಲ್ಲಿ ಅದು 95 ಇದೆಯೆನ್ನಿ. ಆ ಗಾಳಿಯನ್ನು 25ರಿಂದ 33 ಡಿಗ್ರಿಗೆ ಕಾಯಿಸಿದರೆ ಒಂದು ಹನಿ ನೀರನ್ನೂ ಹೊರಹಾಕದೆಯೇ ಆರ್ದ್ರತೆ ಸುಮಾರು 60ಕ್ಕೆ ಇಳಿಯುವುದು. ಈ ಇಳಿತವೇ ನಮಗೆ ಬೇಕಾದುದು. ಶುಚಿಯಾದ ಕಬ್ಬಿಣವು 60ರ ಕೆಳಗೆ ಬಹು ನಿಧಾನವಾಗಿ ತುಕ್ಕು ಹಿಡಿಯುವುದು. 80ರ ಮೇಲೆ ತುಕ್ಕಿನ ವೇಗ ಬಹಳ ಹೆಚ್ಚು. ಮರವೂ ಹಾಗೆಯೇ: 95ರ ಗಾಳಿಯಲ್ಲಿ ತನ್ನ ಒಣತೂಕದ ನೂರಕ್ಕೆ 23ರಷ್ಟು ನೀರನ್ನು ಹೀರಿಕೊಂಡು ನಿಲ್ಲುವ ಮರ, 60ರಲ್ಲಿ ಸುಮಾರು 11ಕ್ಕೆ ಇಳಿಯುವುದು.

ಹಾಗಾದರೆ ಕೋಣೆಯಲ್ಲೊಂದು ಬೆಂಕಿ ಹಾಕಿದರಾಗದೇ? ಆಗದು. ಸೀಮೆಎಣ್ಣೆಯಲ್ಲಿಯೂ ಅಡುಗೆ ಅನಿಲದಲ್ಲಿಯೂ ಇರುವ ಜಲಜನಕವು ಉರಿಯುವಾಗ ನೀರಾಗುವುದು. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಒಂದು ಲೀಟರಿಗೂ ಸ್ವಲ್ಪ ಹೆಚ್ಚು ನೀರು ಹುಟ್ಟುವುದು. ಒಂದು ಕಿಲೋಗ್ರಾಂ ಅನಿಲದಿಂದ ಸುಮಾರು 1.6 ಕಿಲೋಗ್ರಾಂ. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯ ಗಾಳಿಯಲ್ಲಿ ಮಳೆಗಾಲದಲ್ಲಿರುವ ನೀರಾವಿಯೆಲ್ಲ ಸೇರಿ 800 ಗ್ರಾಂ ಆಗದು. ಒಣಗಿಸಲು ಹಚ್ಚಿದ ಒಲೆಯು ಅದಕ್ಕಿಂತ ಹೆಚ್ಚು ನೀರನ್ನು ಅಲ್ಲಿಯೇ ಸುರಿದಂತಾಯಿತು. ಇದ್ದಲು ನೀರನ್ನು ಅಷ್ಟಾಗಿ ಕೊಡದು, ನಿಜ. ಆದರೆ ಅದು ಕೊಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡವರು ಮತ್ತೆ ಏಳದಿರುವುದುಂಟು. ಹೊಗೆಗೊಳವೆಯುಳ್ಳ ಸೌದೆಯ ಒಲೆ ಇವೆರಡು ದೋಷಗಳಿಂದಲೂ ಬಹುಮಟ್ಟಿಗೆ ಪಾರಾದೀತು. ಆದರೆ ಮರದ ಹೊಟ್ಟು, ವಾರ್ನಿಷು, ಸ್ಕೂಟರಿನ ಪೆಟ್ರೋಲು ಒಟ್ಟಿಗಿರುವ ಕಡೆ ತೆರೆದ ಉರಿಯನ್ನು ಒಪ್ಪುವುದು ಹೇಗೆ?

ಉಳಿದುದು ವಿದ್ಯುತ್ತು. ಇದು ನೀರನ್ನೂ ವಿಷವನ್ನೂ ಹುಟ್ಟಿಸದು. ಆದರೆ ನಮ್ಮ ಕೋಣೆಗಳ ಕಟ್ಟಡವನ್ನು ನೆನೆಯಿರಿ. ಮಂಗಳೂರು ಹೆಂಚಿನ ಮಾಡು ಸಂದುಸಂದಿನಲ್ಲಿಯೂ ಗಾಳಿಯಾಡಲೆಂದೇ ಹೊದಿಸಿದಂತಿರುವುದು. ಮುರಕಲ್ಲಿನ ಗೋಡೆ ನೀರನ್ನು ಕುಡಿಯುವುದು. ಮೇಲೆ ಹೇಳಿದ ಕೋಣೆಯ ಗಾಳಿ ಗಂಟೆಗೆ ಹತ್ತು ಸಲ ಬದಲಾಗುವುದೆಂದರೆ, ಆ ಗಾಳಿಯನ್ನು 8 ಡಿಗ್ರಿ ಬೆಚ್ಚಗಿಡಲು ಸುಮಾರು 1,000 ವಾಟ್ ಬೇಕು. ಮಾಡು ಗೋಡೆಗಳ ಮೂಲಕ ಸೋರಿಹೋಗುವ ಶಾಖ ಇದರಲ್ಲಿ ಸೇರಿಲ್ಲ. ಹಗಲಿರುಳು ಉರಿಸಿದರೆ ದಿನಕ್ಕೆ 24 ಯೂನಿಟ್! ಇದು ತೂತು ಕೊಡಕ್ಕೆ ನೀರು ಹೊತ್ತಂತೆ.

ಇದಕ್ಕೆ ಬದಲಾಗಿ ಒಂದು ಮೀಟರ್ ಎತ್ತರ, 60 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಆಳದ ಮರದ ಕಪಾಟನ್ನು ತೆಗೆದುಕೊಳ್ಳಿರಿ. ಅದರ ತಳದಲ್ಲಿ 60 ವಾಟಿನ ಹಳೆಯ ಮಾದರಿಯ ತಂತಿಯ ಬಲ್ಬೊಂದನ್ನು ಲೋಹದ ಜಾಳಿಗೆಯೊಳಗೆ, ಮರಕ್ಕೂ ಬಟ್ಟೆಗೂ ತಾಗದಂತೆ, ನಿಲ್ಲಿಸಿರಿ. ಎಲ್‌ಇಡಿ ದೀಪ ಈ ಕೆಲಸಕ್ಕೆ ಬಾರದು; ಅದು ಸೇವಿಸುವ ವಿದ್ಯುತ್ತೇ ಸ್ವಲ್ಪ. ಕಪಾಟಿನ ಒಳಗಣ ಉಷ್ಣತೆ ಹೊರಗಿಗಿಂತ ಏಳೆಂಟು ಡಿಗ್ರಿ ಏರುವುದು. ಖರ್ಚು ದಿನಕ್ಕೆ ಒಂದೂವರೆ ಯೂನಿಟ್ಟಿಗಿಂತ ಕಡಿಮೆ. ಉಪಕರಣಗಳಿಗಾದರೆ ಬಾಗಿಲು ಬಿಗಿಯಾಗಿರಲಿ. ಹಸಿ ಹಲಗೆ ಒಣಗಿಸುವುದಾದರೆ ಆವಿ ಹೊರಹೋಗಲು ಕೆಳಗೂ ಮೇಲೂ ಒಂದೊಂದು ಸಣ್ಣ ರಂಧ್ರ ಬೇಕು.

ಈ ಯುಕ್ತಿ ಹೊಸದಲ್ಲ. ನಮ್ಮ ಹಿರಿಯರು ಬಿತ್ತನೆಯ ಬೀಜವನ್ನು ಉಳಿಸಲು ಮನೆಯನ್ನೆಲ್ಲ ಕಾಯಿಸಲಿಲ್ಲ. ಬೀಜವನ್ನು ಒಲೆಯ ಮೇಲಣ ಅಟ್ಟಕ್ಕೆ ಏರಿಸಿದರು. ತಮಟೆಯವರು ಹುಲ್ಲಿನ ಬೆಂಕಿಗೆ ಹಿಡಿಯುವುದು ತಮಟೆಯ ಚರ್ಮವನ್ನೇ ಹೊರತು ಸುತ್ತಲಿನ ಬಯಲನ್ನಲ್ಲ.

ಆಕ್ಷೇಪಗಳೂ ಉಂಟು. ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದರೆ ಬಲ್ಬು ಉರಿಯುವುದೆಂತು? ಆಗ ಕಪಾಟಿನ ಬಿಗಿಯಾದ ಬಾಗಿಲೂ ಕಬ್ಬಿಣಕ್ಕೆ ಸವರಿದ ತೆಳು ಎಣ್ಣೆಯೂ ಕಾಯಬೇಕು. ಕೊಬ್ಬರಿ ಎಣ್ಣೆ ಹಳತಾದಂತೆ ಆಮ್ಲವಾಗುವುದರಿಂದ ಯಂತ್ರದ ಎಣ್ಣೆ ಮೇಲು. ದೊಡ್ಡ ವೈಸನ್ನೂ ಲೇತನ್ನೂ ಕಪಾಟಿನಲ್ಲಿಡಲಾಗದು ಎಂಬುದೂ ನಿಜ; ಅವಕ್ಕೆ ಎಣ್ಣೆಯೂ ಹೊದಿಕೆಯೂ ಸಾಕೆನಿಸಬೇಕು. ಇನ್ನು, ಹೆಚ್ಚು ಒಣಗಿಸಿದಷ್ಟೂ ಒಳ್ಳೆಯದೆಂದು ಭ್ರಮಿಸಬಾರದು. ಅತಿಯಾಗಿ ಒಣಗಿಸಿದ ಹಲಗೆಯಿಂದ ಮಾಡಿದ ಬಾಗಿಲು ಕರಾವಳಿಯ ಮನೆಯಲ್ಲಿ ಮತ್ತೆ ನೀರು ಹೀರಿ ಉಬ್ಬುವುದು. ಮರವನ್ನು ಅದು ಬಾಳಬೇಕಾದ ಮನೆಯ ಹದಕ್ಕೆ ತರುವುದೇ ಜಾಣತನ. ಒದ್ದೆ ಗೋಡೆಯ ಮೇಲೆ ತಂತಿ ಎಳೆಯುವಾಗ ಸರಿಯಾದ ಅರ್ಥಿಂಗ್ ಇರತಕ್ಕದ್ದು. ಈ ಕೆಲಸವನ್ನು ತಿಳಿದವರಿಂದಲೇ ಮಾಡಿಸತಕ್ಕದ್ದು.

ಯಾವ ಸಾಧನವನ್ನು ಕೊಳ್ಳುವುದಕ್ಕೂ ಮೊದಲು ವಿದ್ಯಾರ್ಥಿಗಳು ಎರಡು ತಾಪಮಾಪಕಗಳನ್ನು ಹೊಂದಿಸಿಕೊಳ್ಳಲಿ. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಎರಡನ್ನೂ ಅಕ್ಕಪಕ್ಕ ತೂಗುಹಾಕಿ ಬೀಸಿದರೆ, ಅವು ತೋರುವ ಅಂತರದಿಂದ ಕೋಷ್ಟಕದ ನೆರವಿನಿಂದ ಆರ್ದ್ರತೆ ತಿಳಿಯುವುದು. ಶಾಲೆಯ ಪ್ರಯೋಗಶಾಲೆಯಲ್ಲಿ ಈ ಅಳತೆಯನ್ನು ಕಲಿತವರು, ಅದೇ ಪ್ರಯೋಗಶಾಲೆಯ ಸೂಕ್ಷ್ಮದರ್ಶಕವನ್ನು ಬೂಷ್ಟಿನಿಂದ ಉಳಿಸುವ ಕಪಾಟನ್ನೂ ಈ ಬೇಸಿಗೆಯಲ್ಲಿಯೇ ಮಾಡಿ ಮುಗಿಸಬಾರದೇಕೆ? ಜೂನ್ ಬಂದ ಮೇಲೆ ಹಲಗೆಯೂ ಒಣಗದು, ಬಾಗಿಲೂ ಕೂಡದು.